ಹಟ್ಟಿಯ ನೆರಳಿನ ತೆನೆ

ಅಪೊಲೋನಿಯಾ ಬಾಯಮ್ಮ ಬೈಯಲು ಶುರುಮಾಡಿದರೆ ಮಣಿಪಾಲದ ಗುಡ್ಡದ ಮೇಲೆ ದನ ಮೇಯಿಸುವವರಿಗೂ ಕೇಳಿಸುತ್ತದೆ ಎಂದು ಊರಿನವರು ತಮಾಷೆ ಮಾಡುತ್ತಿದ್ದ ಕಾಲವೊಂದಿತ್ತು. ಈಗ ಗುಡ್ಡದ ಮೇಲೆ ದನಗಳೂ ಇಲ್ಲ, ಮೇಯಿಸುವವರೂ ಇಲ್ಲ. ಅವಳ ಗದ್ದೆಗೂ ಗುಡ್ಡಕ್ಕೂ ನಡುವೆ ಏಳು ಮಾಳಿಗೆಯ ಫ್ಲ್ಯಾಟು ಬಂದು ಕೂತಿದೆ. ವಯಸ್ಸು ಎಪ್ಪತ್ತರ ಹತ್ತಿರ ಬಂತು, ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ, ಆದರೆ ಆ ಗಂಟಲಿಗೆ ಮಾತ್ರ ಏನೂ ಆಗಿಲ್ಲ.

ಆಗಸ್ಟ್ ಮುಗಿಯುತ್ತಾ ಬಂದ ಒಂದು ಬೆಳಿಗ್ಗೆ ಆ ಗಂಟಲಿಗೆ ಸಿಕ್ಕಿಬಿದ್ದವನು ಶೀನ. ಶೀನ ನೆರೆಮನೆಯವನು. ಅಪೊಲೋನಿಯಾಳ ಗಂಡ ಕಜೆಟನ್ ತೀರಿಕೊಂಡ ಮೇಲೆ ಅವಳ ಗದ್ದೆಗೆ ಟಿಲ್ಲರ್ ಇಳಿಸುವುದು, ಗೊಬ್ಬರ ಚೆಲ್ಲುವುದು ಎಲ್ಲ ಅವನದೇ ಕೆಲಸ.

"ಎಂತ ಹಾಕಿದ್ದೀ ನನ್ನ ಗದ್ದೆಗೆ? ಹೇಳು! ಹುಲ್ಲು ಬೆಳೆಸಲಿಕ್ಕೆ ನನ್ನ ಹಟ್ಟಿಯಲ್ಲಿ ದನ ಉಂಟಾ ಈಗ?"

"ಅಯ್ಯೋ ಬಾಯಮ್ಮ, ನೀವು ಕೊಟ್ಟದ್ದನ್ನೇ ಹಾಕಿದ್ದು. ಬೀಜವೂ ನಿಮ್ಮದೇ, ಗೊಬ್ಬರವೂ ನಿಮ್ಮದೇ. ನನ್ನದು ಟಿಲ್ಲರ್ ಮಾತ್ರ. ಟಿಲ್ಲರ್ ಹೋಗಿ ಪೈರಿನ ಕಿವಿಯಲ್ಲಿ ತೆನೆ ಹಾಕಬೇಡ ಅಂತ ಹೇಳ್ತದಾ?"

"ಯೂರಿಯಾ ಜಾಸ್ತಿ ಸುರಿದಿದ್ದೀ. ನನಗೆ ಗೊತ್ತುಂಟು."

"ಹಾಗಾದ್ರೆ ಯಾರದ್ದೋ ದೃಷ್ಟಿ ಬಿದ್ದದ್ದು ಬಾಯಮ್ಮ. ಏಳು ಮಾಳಿಗೆಯಿಂದ ಎಷ್ಟು ಜನ ನೋಡ್ತಾರೆ, ಲೆಕ್ಕ ಹಾಕಿ ನೀವೇ."

ಅವಳಿಗೆ ನಗು ಬರಲಿಲ್ಲ. ಪೈರೇನೋ ಸೊಂಟದೆತ್ತರ ಬೆಳೆದು ಕಡುಹಸಿರಾಗಿ ನಿಂತಿತ್ತು. ದಾರಿಯಲ್ಲಿ ಹೋಗುವ ಕಾಲೇಜು ಮಕ್ಕಳು ನಿಂತು ಫೋಟೋ ಬೇರೆ ಹೊಡೆಯುತ್ತಿದ್ದರು. ಆದರೆ ತೆನೆಯ ಸುಳಿವೇ ಇಲ್ಲ. ಬೇರೆ ವರ್ಷಗಳಲ್ಲಿ ಈ ಹೊತ್ತಿಗೆ ಹೊಡೆ ಒಡೆದು, ತೆನೆಯಲ್ಲಿ ಹಾಲು ತುಂಬಿ, ತುದಿ ಬಾಗಲು ಶುರುವಾಗಿರುತ್ತಿತ್ತು. ಅವಳು ಒಂದು ಬುಡವನ್ನು ಸೀಳಿ ನೋಡಿದಳು. ಒಳಗೂ ಬರೇ ಎಲೆ.

ಸೆಪ್ಟೆಂಬರ್ ಎಂಟಕ್ಕೆ ಮೊಂತಿ ಫೆಸ್ತು. ಮೇರಿ ಮಾತೆಯ ಹುಟ್ಟುಹಬ್ಬ, ಹೊಸ ಭತ್ತದ ಹಬ್ಬ. ಅಂದು ಇಗರ್ಜಿಯಲ್ಲಿ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಆ ತೆನೆಯ ಕಾಳು ಸುಲಿದು ಹಾಲಿಗೆ ಹಾಕಿ, ಮನೆಮಂದಿಯೆಲ್ಲ ಒಂದೊಂದು ಗುಟುಕು ಕುಡಿದ ಮೇಲೆಯೇ ಬಾಳೆಲೆಯ ಊಟ. ಹಿಂದೆಲ್ಲ ಎಷ್ಟೋ ಮನೆಯವರು ತಮ್ಮ ತಮ್ಮ ಗದ್ದೆಯ ತೆನೆ ಹೊತ್ತು ತರುತ್ತಿದ್ದರು. ಕಟ್ಟಡಕ್ಕೆಂದು ಒಂದೊಂದೇ ಗದ್ದೆಗೆ ಕೆಂಪು ಮಣ್ಣು ಬಿತ್ತು, ಒಂದೊಂದೇ ಮನೆಯವರು ಬರಿಗೈಯಲ್ಲಿ ಬರತೊಡಗಿದರು. ಕೊನೆಗೆ ಇಡೀ ಇಗರ್ಜಿಗೆ ತೆನೆ ಕೊಡಲು ಉಳಿದದ್ದು ಅಪೊಲೋನಿಯಾಳ ಗದ್ದೆಯೊಂದೇ. ಶೀನನ ಮನೆಯವರು ಬಾಗಿಲಿಗೆ ಕಟ್ಟುವ ತೆನೆಯೂ ಅಲ್ಲಿನದೇ. ಇದಕ್ಕೆ ದುಡ್ಡು ತೆಗೆದುಕೊಳ್ಳುವ ಕ್ರಮ ಇಲ್ಲ.

ಅಷ್ಟೇ ಆಗಿದ್ದರೆ ಒಂದು ವರ್ಷ ಬೆಳೆ ಕೈಕೊಟ್ಟಿತು ಎಂದು ಸುಮ್ಮನಿರಬಹುದಿತ್ತು. ಆದರೆ ಕಜೆಟನ್ ಸಾಯುವ ಮೊದಲು ಮಗ ಡೆರಿಕ್‌ನ ಕೈಹಿಡಿದು ಒಂದು ಮಾತು ಹೇಳಿ ಹೋಗಿದ್ದ. "ಇಗರ್ಜಿಗೆ ತೆನೆ ಕೊಡುವಷ್ಟು ವರ್ಷ ಗದ್ದೆಗೆ ಮಣ್ಣು ಹಾಕಬೇಡ. ಕೊಡುವುದು ನಿಂತ ಮೇಲೆ ನಿಮ್ಮ ಇಷ್ಟ." ಆ ಮಾತು ಇಷ್ಟು ವರ್ಷ ಗದ್ದೆಗೆ ಬೇಲಿಯಾಗಿತ್ತು. ಈಗ ಅದೇ ಮಾತು ತಿರುಗಿ ನಿಂತಿತು. ತೆನೆ ಕೊಡದಿದ್ದರೆ ಗದ್ದೆ ಉಳಿಯುವುದಿಲ್ಲ.

ಡೆರಿಕ್ ಕೆಟ್ಟವನಲ್ಲ, ಪಾಪ. ಕುವೈತಿನಲ್ಲಿ ಕೆಲಸ ಹೋಯಿತು, ಊರಿಗೆ ಬಂದ. ಅವನಿಗೂ ಅವನ ಹೆಂಡತಿ ವಿಲ್ಮಾಳಿಗೂ ಒಂದೇ ಲೆಕ್ಕಾಚಾರ. ಗದ್ದೆ ತುಂಬಿಸಿ ಕಾಲೇಜು ಮಕ್ಕಳಿಗೆ ಒಂದು ಪಿ.ಜಿ. ಕಟ್ಟಿಸಿದರೆ ಮತ್ತೆ ಗಲ್ಫಿನ ಮುಖ ನೋಡಬೇಕಾಗಿಲ್ಲ. ಸುತ್ತಲೂ ಎಲ್ಲರೂ ಅದನ್ನೇ ಮಾಡಿದ್ದಾರೆ. ವಿಲ್ಮಾ ಅತ್ತೆಯೊಡನೆ ಜಗಳವಾಡಿದವಳಲ್ಲ. ಬೆಳಿಗ್ಗೆ ಕಿಟಕಿಯಿಂದ ಗದ್ದೆಯನ್ನು ನೋಡಿ ಒಂದು ಉಸಿರು ಬಿಡುತ್ತಿದ್ದಳು, ಅಷ್ಟೇ. ಆ ಉಸಿರು ಅಪೊಲೋನಿಯಾಳಿಗೆ ಯಾವ ಜಗಳಕ್ಕಿಂತಲೂ ಜೋರಾಗಿ ಕೇಳಿಸುತ್ತಿತ್ತು.

ಅವಳು ಹುಟ್ಟಿದ್ದು ಶಂಕರಪುರದಲ್ಲಿ. ಮಾತು ಬರುವ ಮೊದಲೇ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಲು ಬಂತು ಎಂದು ಅವಳ ಅಮ್ಮ ಹೇಳುತ್ತಿದ್ದಳಂತೆ. ಮದುವೆಯಾಗಿ ಈ ಗುಡ್ಡದ ಬುಡಕ್ಕೆ ಬಂದಾಗ ಮೂಗಿಗೆ ಮಲ್ಲಿಗೆಯ ವಾಸನೆ ಸಿಗದೆ ವಾರವಿಡೀ ಅತ್ತಿದ್ದಳು. ಆಗ ಕಜೆಟನ್ ಅವಳನ್ನು ಗದ್ದೆಗೆ ಕರೆದುಕೊಂಡು ಹೋಗಿ, "ಇದನ್ನು ಮೂಸಿ ನೋಡು," ಎಂದು ಹಾಲು ತುಂಬಿದ ತೆನೆಯೊಂದನ್ನು ಕೈಯಲ್ಲಿಟ್ಟಿದ್ದ. ಎಂತ ಗಂಡಸು ಮಾರಾಯ್ರೇ, ಹೆಂಡತಿಗೆ ಹೂ ಕೊಡುವ ಬದಲು ಭತ್ತ ಕೊಟ್ಟವನು! ಆದರೆ ಅವಳಿಗೆ ಆ ವಾಸನೆ ಹಿಡಿಯಿತು. ಆಮೇಲೆ ಡೆರಿಕ್ ಕುವೈತಿನಲ್ಲಿದ್ದಷ್ಟು ವರ್ಷವೂ ಅವಳು ಲಕೋಟೆಯೊಳಗೆ ನಾಲ್ಕು ಹೊಸ ಕಾಳು ಹಾಕಿ ಕಳುಹಿಸುತ್ತಿದ್ದಳು. ಅವನು ಅಲ್ಲಿ ಡಬ್ಬಿಯ ಹಾಲಿನಲ್ಲಿ ಅದನ್ನು ಹಾಕಿ ಕುಡಿದು ಫೋನು ಮಾಡುತ್ತಿದ್ದ.

ಅವಳ ಕಣ್ಣೆದುರೇ ಗುಡ್ಡ ಊರಾಯಿತು, ಊರು ಪೇಟೆಯಾಯಿತು. ಅದಕ್ಕಾಗಿ ಅವಳು ಅತ್ತವಳಲ್ಲ. ಆಸ್ಪತ್ರೆ ಬಂದದ್ದರಿಂದಲೇ ಕಜೆಟನ್ ಅಷ್ಟು ವರ್ಷ ಉಳಿದ ಎಂದು ಅವಳಿಗೆ ಗೊತ್ತು. ಫ್ಲ್ಯಾಟಿನವರ ಮೇಲೂ ದ್ವೇಷವಿರಲಿಲ್ಲ. ಬಸ್‌ಸ್ಟಾಪಿನಿಂದ ಫ್ಲ್ಯಾಟಿಗೆ ಹೋಗುವ ಹತ್ತಿರದ ದಾರಿ ಅವಳ ಗದ್ದೆಯ ನಟ್ಟನಡುವಿನ ಅಗಲವಾದ ಹುಣಿ, ಅಂದರೆ ಬದುವಿನ ಮೇಲೆಯೇ ಹಾದುಹೋಗುತ್ತಿತ್ತು. ನಡೆಯುವವರು ನಡೆಯಲಿ, ಪೈರು ಮೆಟ್ಟದಿದ್ದರೆ ಸಾಕು ಎಂದು ಬಿಟ್ಟಿದ್ದಳು.

ಹೋದ ವರ್ಷ ಕೊಯ್ಲು ಮುಗಿದ ಮೇಲೆ, ಕತ್ತಲಾಗುವ ಹೊತ್ತಿನಲ್ಲಿ, ಆ ಹುಣಿಯ ಮೇಲಿನಿಂದ ಒಂದು ಹುಡುಗಿ ಕಿರುಚಿದ್ದು ಕೇಳಿಸಿತು. ಅಪೊಲೋನಿಯಾ ಮೀನು ಕೊಯ್ಯುತ್ತಿದ್ದಳು. ಕತ್ತಿ ಹಿಡಿದುಕೊಂಡೇ ಓಡಿದಳು, ಮೊಣಕಾಲು ಅಂದು ಹೇಗೆ ಓಡಿತೋ ಅವಳಿಗೇ ಗೊತ್ತಿಲ್ಲ. ಇಬ್ಬರು ಗಂಡಸರು ಹುಡುಗಿಯ ಬಾಯಿ ಒತ್ತಿಹಿಡಿದು ಹಟ್ಟಿಯ ಕಡೆಗೆ ಎಳೆಯುತ್ತಿದ್ದರು. ಅವಳು ತುಳು, ಕೊಂಕಣಿ, ಕನ್ನಡ ಮೂರರಲ್ಲೂ ತನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಒಟ್ಟಿಗೆ ಸುರಿದಳು. ಆ ಗಂಟಲಿಗೋ ಕತ್ತಿಗೋ ಹೆದರಿ ಅವರು ಬಿದ್ದೆದ್ದು ಓಡಿದರು. ಒಬ್ಬನ ಚಪ್ಪಲಿ ಅಲ್ಲೇ ಉಳಿಯಿತು.

ಹುಡುಗಿಯ ಹೆಸರು ಚೈತಾಲಿ. ಕಾರ್ಕಳದ ಹತ್ತಿರದ ಕುಕ್ಕುಂದೂರಿನವಳು, ಲ್ಯಾಬಿನಲ್ಲಿ ಪಾಳಿಯ ಕೆಲಸ, ಫ್ಲ್ಯಾಟಿನಲ್ಲಿ ಗೆಳತಿಯರೊಡನೆ ಬಾಡಿಗೆಗೆ ಇದ್ದವಳು. ಆ ಸಂಜೆ ಅಪೊಲೋನಿಯಾಳ ಅಡುಗೆಮನೆಯ ನೆಲದಲ್ಲಿ ಕುಳಿತು, ಹಲ್ಲು ಕಟಕಟ ಎನ್ನುತ್ತಿದ್ದರಿಂದ ಚಹಾದ ಲೋಟವನ್ನೂ ಬಾಯಿಗೆ ಇಟ್ಟುಕೊಳ್ಳಲಾಗದೆ ನಡುಗಿದ್ದಳು.

ಮರುದಿನವೇ ಅಪೊಲೋನಿಯಾ ಫ್ಲ್ಯಾಟಿನ ಸಂಘದ ಕಾರ್ಯದರ್ಶಿ ಉಮಾನಾಥರ ಮನೆಗೆ ಹೋಗಿ, ಆ ಚಪ್ಪಲಿಯನ್ನು ಅವರ ಗಾಜಿನ ಟೀಪಾಯಿಯ ಮೇಲೆ ಇಟ್ಟಳು. "ನಿಮ್ಮ ಮಕ್ಕಳು ನಡೆಯುವ ದಾರಿಗೆ ಒಂದು ಲೈಟ್ ಹಾಕಲಿಕ್ಕೆ ಆಗುವುದಿಲ್ವಾ ನಿಮಗೆ? ಹಾಕುವ ತನಕ ಇದು ಇಲ್ಲಿಂದ ಏಳುವುದಿಲ್ಲ, ನಾನೂ ಏಳುವುದಿಲ್ಲ." ಉಮಾನಾಥರು ಬ್ಯಾಂಕಿನಿಂದ ನಿವೃತ್ತರಾದ ಸಭ್ಯ ಮನುಷ್ಯ. ಕ್ರಿಸ್ಮಸಿನ ಮೊದಲೇ ಕಂಪೌಂಡಿನ ಮೂಲೆಯಲ್ಲಿ ಎತ್ತರದ ಕಂಬ ನಿಲ್ಲಿಸಿ ದೊಡ್ಡ ಲೈಟು ಹಾಕಿಸಿದರು. ಸಂಜೆ ತಾನಾಗಿಯೇ ಹೊತ್ತಿಕೊಂಡು ಬೆಳಗಿನ ತನಕ ಉರಿಯುವ ಲೈಟು. ಫ್ಲ್ಯಾಟಿನ ಮಕ್ಕಳು ಅದನ್ನು "ಆಂಟಿ ಲೈಟ್" ಎಂದು ಕರೆಯತೊಡಗಿದರು. ಇಗರ್ಜಿಯಲ್ಲಿಯೂ ಸುದ್ದಿಯಾಯಿತು. ಅಪೊಲೋನಿಯಾಳಿಗೆ ಒಳಗೊಳಗೇ ಹೆಮ್ಮೆ. ಯಾಕೆ ಆಗಬಾರದು?

ಇತ್ತ ತೆನೆಯ ಚಿಂತೆ ದಿನದಿನಕ್ಕೆ ಅವಳನ್ನು ತಿನ್ನತೊಡಗಿತು. ಇಗರ್ಜಿಯಲ್ಲಿ ಹಬ್ಬಕ್ಕೆ ಮುಂಚಿನ ನೊವೆನಾ ಪ್ರಾರ್ಥನೆಗಳು ಶುರುವಾದವು, ಮಕ್ಕಳು ಮಾತೆಗೆ ಹೂ ಅರ್ಪಿಸುವ ಹಾಡು ದೂರದಿಂದ ಕೇಳಿಸುತ್ತಿತ್ತು. ಗದ್ದೆ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಅವಳೇ ಶೀನನನ್ನು ಹಿತ್ತಿಲಿಗೆ ಕರೆದು, ಜೀವಮಾನದಲ್ಲಿ ಮೊದಲ ಬಾರಿ, ದನಿ ತಗ್ಗಿಸಿ ಮಾತಾಡಿದಳು.

"ಎಲ್ಲೂರಿನಲ್ಲಿ ನಿನ್ನ ತಂಗಿ ಕುಶಲಾಳ ಗದ್ದೆಯಲ್ಲಿ ತೆನೆ ಬಂದಿದೆಯಾ?"

"ಬಂದಿದೆ ಬಾಯಮ್ಮ. ಒಳ್ಳೆ ತೆನೆ."

"ಒಂದು ಹೊರೆ ತಂದುಕೊಡ್ತೀಯಾ? ಡೆರಿಕ್‌ಗೆ ಗೊತ್ತಾಗಬಾರದು. ಯಾರಿಗೂ ಗೊತ್ತಾಗಬಾರದು."

ಶೀನ ತಮಾಷೆ ಮಾಡಲಿಲ್ಲ. ತಲೆ ತುರಿಸಿಕೊಂಡು, "ಆಯ್ತು, ನೀವು ಹೇಳಿದ ಮೇಲೆ ಎಂತ," ಎಂದ. ಅವನು ಹಾಗೆ ಸುಮ್ಮನೆ ಒಪ್ಪಿಕೊಂಡದ್ದೇ ಅವಳಿಗೆ ಅವಮಾನವೆನಿಸಿತು.

ಹಬ್ಬದ ಹಿಂದಿನ ದಿನ ಸಂಜೆ ಶೀನ ಗೋಣಿಯಲ್ಲಿ ಸುತ್ತಿದ ಹೊರೆಯನ್ನು ತಂದು ಕೊಟ್ಟು ಹೋದ. ಅದನ್ನು ಬೆಳಗಿನ ತನಕ ಬಚ್ಚಿಡಲು ಅವಳಿಗೆ ಹೊಳೆದ ಜಾಗ ಹಳೆಯ ಹಟ್ಟಿ. ಗದ್ದೆಯ ಮೂಲೆಯಲ್ಲಿ, ಫ್ಲ್ಯಾಟಿನ ಕಂಪೌಂಡಿಗೆ ತಾಗಿದಂತೆ ಇದ್ದ ಹಟ್ಟಿ ಅದು. ದನ ಮಾರಿದ ಮೇಲೆ ಆ ಕಡೆ ಯಾರೂ ಹೋಗುತ್ತಿರಲಿಲ್ಲ. ಕಾಲು ಎಳೆದುಕೊಂಡು, ಗಿಡಗಂಟಿ ಸರಿಸಿ, ಹೊರೆಯನ್ನು ಒಳಗಿಟ್ಟು ಹಿಂದಿನ ಬಾಗಿಲಿನಿಂದ ಹೊರಗೆ ಬಂದವಳು ನಿಂತುಬಿಟ್ಟಳು.

ಹಟ್ಟಿಯ ಹಿಂದೆ ತೆನೆ ಇತ್ತು.

ಸುಳ್ಳಲ್ಲ. ಗೋಡೆಯ ಬುಡದಿಂದ ಗದ್ದೆಯೊಳಗೆ ಒಂದು ಚಾಪೆಯಷ್ಟು ಜಾಗದಲ್ಲಿ ಪೈರು ತೆನೆ ಹೊತ್ತು ಬಾಗಿತ್ತು. ಅವಳು "ಅಯ್ಯೋ ನನ್ನ ದೇವರೇ!" ಎಂದು ಕೂಗಿಯೇಬಿಟ್ಟಳು. ಒಂದು ತೆನೆ ಹಿಡಿದು ಮೂಸಿದಳು. ಅದೇ ವಾಸನೆ. ಹಾಗಾದರೆ ಬೀಜ ಸರಿ ಇದೆ, ಗೊಬ್ಬರ ಸರಿ ಇದೆ, ಶೀನನ ಯೂರಿಯಾದ ತಪ್ಪೂ ಅಲ್ಲ. ಹಾಗಾದರೆ ಉಳಿದ ಗದ್ದೆಗೆ ಏನಾಯಿತು?

ಅಷ್ಟರಲ್ಲಿ ಕಂಬದ ಮೇಲಿನ ಲೈಟು ಹೊತ್ತಿಕೊಂಡಿತು. ಗದ್ದೆಯೆಲ್ಲ ಬೆಳ್ಳಗಾಯಿತು. ಹಟ್ಟಿಯ ನೆರಳು ಮಾತ್ರ ಕಪ್ಪಗೆ ಬಿತ್ತು, ಸರಿಯಾಗಿ ಆ ಚಾಪೆಯಷ್ಟು ಜಾಗದ ಮೇಲೆ. ತೆನೆ ಇದ್ದಲ್ಲಿ ಕತ್ತಲು, ಬೆಳಕು ಇದ್ದಲ್ಲಿ ಬರೇ ಹುಲ್ಲು. ಮತ್ತೆ ಯಾರೂ ಅವಳಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ರಾತ್ರಿಯಿಡೀ ಬೆಳಕು ಹಾಯಿಸಿ ಮಲಗಲು ಬಿಡದಿದ್ದರೆ ಪೈರು ಹೇಗೆ ಬಸಿರಾಗುತ್ತದೆ? ಬೇರೆ ಯಾರೋ ಅಲ್ಲ, ತಾನೇ ಹೋಗಿ, ಚಪ್ಪಲಿ ಮೇಜಿನ ಮೇಲಿಟ್ಟು, ಹಟಹಿಡಿದು ಹಾಕಿಸಿದ ಲೈಟು! ಅವಳು ಹಟ್ಟಿಯ ಮೆಟ್ಟಿಲಿನ ಮೇಲೆ ಕುಸಿದು ಕುಳಿತಳು. ತನ್ನ ತಲೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

ಮರುಗಳಿಗೆಯೇ ಎದ್ದಳು. ಉಮಾನಾಥರ ಹತ್ತಿರ ಹೋಗುವುದು, ಒಂದು ತಿಂಗಳು ಲೈಟು ಆರಿಸಿ ಎನ್ನುವುದು, ಅಷ್ಟೇ. ಹಬ್ಬಕ್ಕೆ ತಡವಾದರೂ ಗದ್ದೆ ತೆನೆ ಹಾಕಿದರೆ ಡೆರಿಕ್‌ಗೆ ಕೈಹಿಡಿದು ತೋರಿಸಬಹುದು. ಹುಣಿಯ ಮೇಲೆ ಅರ್ಧ ದಾರಿ ಹೋಗಿದ್ದಳು, ಎದುರಿನಿಂದ ಚೈತಾಲಿ ಬಂದಳು. ಹೆಗಲಿಗೆ ಚೀಲ, ಕಿವಿಯಲ್ಲಿ ಫೋನು, ಮುಖದಲ್ಲಿ ನಗು. ರಾತ್ರಿ ಪಾಳಿಗೆ ಹೊರಟಿದ್ದಳು.

"ಆಂಟಿ! ಅಮ್ಮನ ಹತ್ತಿರ ಮಾತಾಡ್ತಾ ಇದ್ದೆ. ಗದ್ದೆ ದಾಟುವ ತನಕ ಫೋನ್ ಇಡಬೇಡ ಅಂತ ಅವರ ಕಟ್ಟಪ್ಪಣೆ." ಆಮೇಲೆ ಫೋನಿನಲ್ಲಿ, "ಅಮ್ಮಾ, ಲೈಟ್ ಆಂಟಿ ಇಲ್ಲೇ ಇದ್ದಾರೆ, ಇಡ್ತೇನೆ," ಎಂದಳು.

"ಈಗ ಹೆದರಿಕೆ ಇಲ್ಲವಾ ಮಗಾ?"

"ಬೆಳಕು ಇದ್ದರೆ ಇಲ್ಲ ಆಂಟಿ. ಮೊನ್ನೆ ಕರೆಂಟ್ ಹೋಗಿತ್ತಲ್ಲ, ಕಾಲು ಮುಂದೆ ಹೋಗಲಿಲ್ಲ. ಕರೆಂಟ್ ಬರುವ ತನಕ ಬಸ್‌ಸ್ಟಾಪಿನಲ್ಲೇ ನಿಂತಿದ್ದೆ. ಯಾರಿಗೂ ಹೇಳಬೇಡಿ, ನಾಚಿಕೆ ಆಗ್ತದೆ. ನೀವು ಎಲ್ಲಿಗೆ ಹೊರಟದ್ದು?"

ಅಪೊಲೋನಿಯಾ ಬಾಯಿ ತೆರೆದಳು. ಲೈಟಿನ ಮಾತು ನಾಲಿಗೆಯ ತುದಿಯ ತನಕ ಬಂದಿತ್ತು. "ಎಲ್ಲಿಗೂ ಇಲ್ಲ, ಕಾಲು ಆಡಿಸಲಿಕ್ಕೆ," ಎಂದಳು. ಹುಡುಗಿ ಕೈಬೀಸಿ ಹೋದಳು. ಅವಳು ಬೆಳಕಿನಲ್ಲಿ ನಡೆದು ರಸ್ತೆ ಸೇರುವ ತನಕ ನೋಡುತ್ತಾ ನಿಂತು, ಬಂದ ದಾರಿಯಲ್ಲೇ ಹಿಂದಿರುಗಿದಳು. ಹಟ್ಟಿಯ ಹಿಂದಿನ ತೆನೆಗಳಲ್ಲಿ ಒಂದು ಹಿಡಿ ಕೊಯ್ದು ಸೆರಗಿನಲ್ಲಿ ಕಟ್ಟಿಕೊಂಡಳು.

ಮರುದಿನ ಇಗರ್ಜಿಯಲ್ಲಿ ಎಲ್ಲೂರಿನ ತೆನೆ ಆಶೀರ್ವಾದ ಪಡೆಯಿತು. ಫಾದರ್ ಪ್ರಸಂಗದ ಕೊನೆಯಲ್ಲಿ, "ಈ ವರ್ಷವೂ ನಮಗೆ ತೆನೆ ಕೊಟ್ಟ ಅಪೊಲೋನಿಯಾ ಬಾಯಿಯ ಗದ್ದೆಗಾಗಿ ದೇವರಿಗೆ ವಂದನೆ," ಎಂದರು. ಜನ ತಿರುಗಿ ನೋಡಿ ನಕ್ಕರು. ಅವಳು ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ಮನೆಯಲ್ಲಿ ಬಾಳೆಲೆ ಹಾಸಿತ್ತು. ವಿಲ್ಮಾ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಹರಿವೆ, ಅಂಬಟೆ, ಬೆಂಡೆ, ಕೆಸುವಿನ ದಂಟು ಎಂದು ಪಲ್ಯ ಗಸಿಗಳನ್ನೆಲ್ಲ ಮಾಡಿದ್ದಳು. ಪ್ರಾರ್ಥನೆ ಮುಗಿಯಿತು. ಮನೆಯ ಯಜಮಾನನೆಂದು ಡೆರಿಕ್ ಹಾಲಿನ ಬೋಗುಣಿಯನ್ನು ಮುಂದಿಟ್ಟುಕೊಂಡು, ಇಗರ್ಜಿಯಿಂದ ತಂದ ತೆನೆಯ ಮೊದಲ ಕಾಳನ್ನು ಉಗುರಿನಿಂದ ಸುಲಿದ. ಇನ್ನೇನು ಹಾಲಿಗೆ ಹಾಕಬೇಕು, ಅಪೊಲೋನಿಯಾ ಬೋಗುಣಿಯ ಮೇಲೆ ಅಂಗೈ ಮುಚ್ಚಿದಳು. ಇಗರ್ಜಿಯಲ್ಲಿ ನುಂಗಿದ ಸುಳ್ಳನ್ನು ಗಂಡನ ಫೋಟೋದ ಎದುರು, ಈ ಹಾಲಿನ ಮೇಲೆ ನುಂಗಲು ಅವಳಿಂದ ಆಗಲಿಲ್ಲ.

"ಇದು ನಮ್ಮ ಗದ್ದೆಯದ್ದಲ್ಲ ಮಗಾ. ಎಲ್ಲೂರಿನದ್ದು. ನಮ್ಮ ಗದ್ದೆ ಈ ಸಲ ಕೊಡಲಿಲ್ಲ."

ಡೆರಿಕ್ ತಲೆ ಎತ್ತಲಿಲ್ಲ. ವಿಲ್ಮಾ ಮಾತ್ರ ಗಂಡನ ಕಡೆಗೆ ತಿರುಗಿದಳು. "ತೆನೆ ಬಂದಿದೆ ಅಂತ ನೀವೇ ಹೇಳಿದ್ದಲ್ವಾ ನನಗೆ? ಕಣ್ಣಾರೆ ನೋಡಿದೆ ಅಂತ?"

"ನೋಡಿದ್ದೆ," ಎಂದು ಡೆರಿಕ್ ಅಮ್ಮನಿಗೆ ಹೇಳಿದ. "ಉಮಾನಾಥಣ್ಣನ ಬಾಲ್ಕನಿಯಿಂದ ಇಡೀ ಗದ್ದೆ ಕಾಣುತ್ತದೆ. ಬಂದಿಲ್ಲ ಅಂತ ಗೊತ್ತಿತ್ತು. ನೀನು ಹೇಳದೆ ಇದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ, ಮಾಂಯ್. ಯಾಕೆ ಹೇಳಿದೆ?"

ಮಗ ತನಗಾಗಿ ಹೆಂಡತಿಗೆ ಸುಳ್ಳು ಹೇಳಿದ್ದ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಗದ್ದೆ ಇನ್ನೊಂದು ವರ್ಷ ಉಳಿಯುತ್ತಿತ್ತು. ಅವಳು ಸೆರಗಿನ ಗಂಟು ಬಿಚ್ಚಿ ಹಟ್ಟಿಯ ಹಿಂದಿನ ತೆನೆಗಳನ್ನು ಬಾಳೆಲೆಯ ಮೇಲಿಟ್ಟಳು. ನೆರಳಿನ ವಿಷಯ, ಲೈಟಿನ ವಿಷಯ, ಎಲ್ಲವನ್ನೂ ಹೇಳಿದಳು.

ಡೆರಿಕ್‌ನ ಮುಖ ಅರಳಿತು. "ಇಷ್ಟೇನಾ? ಈಗಲೇ ಉಮಾನಾಥಣ್ಣನ ಹತ್ತಿರ ಹೋಗಿ ಹೇಳುತ್ತೇನೆ. ಬೆಳೆ ಮುಗಿಯುವ ತನಕ ಲೈಟ್ ಬಂದ್ ಮಾಡಿದರಾಯಿತು."

"ಬೇಡ."

"ಒಂದು ಬದಿಗೆ ಮರೆ ಕಟ್ಟಿಸಿದರೆ?"

"ದಾರಿ ಗದ್ದೆಯ ನಡುವೆ ಉಂಟು ಮಗಾ. ಯಾವ ಬದಿಗೆ ಕಟ್ಟಿಸುತ್ತೀ?"

"ಮತ್ತೆ ಗದ್ದೆ? ಪಪ್ಪನ ಮಾತು?"

"ಪಪ್ಪ ಹೇಳಿದ್ದು ಇಗರ್ಜಿಗೆ ತೆನೆ ಕೊಡುವಷ್ಟು ವರ್ಷ. ಕೊಡಲಿಲ್ಲ. ನೀವು ಮಣ್ಣು ಹಾಕಿಸಿ." ಅವಳು ತೆನೆಗಳನ್ನು ಮಗನ ಕಡೆಗೆ ಸರಿಸಿದಳು. "ಅವತ್ತು ಆ ಹುಡುಗಿ ಕಿರುಚಿದ್ದನ್ನು ನೀನು ಕೇಳಲಿಲ್ಲ ಡೆರಿಕ್. ನಾನು ಕೇಳಿದ್ದೇನೆ. ಲೈಟು ಆರಿಸಿ ಬೆಳೆಸಿದ ತೆನೆ ನನಗೆ ಬೇಡ."

ಆಮೇಲೆ ಅವಳು ಅತ್ತಳು. ಮುಚ್ಚಿಟ್ಟುಕೊಂಡಲ್ಲ, ಬಾಳೆಲೆಯ ಎದುರು, ಮಗ ಸೊಸೆಯರ ಎದುರು, ಹಬ್ಬದ ದಿನ ಎಂದೂ ನೋಡದೆ ಗೊಳೋ ಎಂದು ಅತ್ತಳು. ಇಷ್ಟು ದಿನ ಕಿಟಕಿಯಿಂದ ನೋಡಿ ಉಸಿರು ಬಿಡುತ್ತಿದ್ದ ವಿಲ್ಮಾ ಎದ್ದು ಬಂದು ಪಕ್ಕದಲ್ಲಿ ಕುಳಿತಳು. ಅವಳು ಬಯಸಿದ್ದೇ ಆಗಿತ್ತು, ಆದರೆ ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ನೆರಳಿನ ತೆನೆಯೊಂದನ್ನು ಎತ್ತಿಕೊಂಡು ಒಂದೊಂದೇ ಕಾಳು ಸುಲಿದು ಹಾಲಿಗೆ ಹಾಕಿದಳು. ಮೊದಲ ಗುಟುಕನ್ನು ಅತ್ತೆಯ ಬಾಯಿಗೇ ಹಿಡಿದಳು. "ಕುಡಿಯಿರಿ ಮಾಂಯ್. ಇದು ನಮ್ಮದೇ ಅಲ್ವಾ."

ಸಂಜೆ ಅಪೊಲೋನಿಯಾ ಜಗಲಿಯಲ್ಲಿ ಕುಳಿತಿದ್ದಳು. ಲೈಟು ಹೊತ್ತಿಕೊಂಡಿತು. ಹುಣಿಯ ಮೇಲೆ ಚೈತಾಲಿ ಬಂದಳು, ಅವಳ ಹಿಂದೆ ಇನ್ನಿಬ್ಬರು ಹುಡುಗಿಯರು ಏನೋ ಹೇಳಿಕೊಂಡು ನಗುತ್ತಾ ಬಂದರು. ಇಕ್ಕೆಲದಲ್ಲೂ ಪೈರು ಗಾಳಿಗೆ ಸರಸರ ಎನ್ನುತ್ತಿತ್ತು.

"ಹಬ್ಬ ಜೋರಾ ಆಂಟಿ?" ಎಂದು ಚೈತಾಲಿ ಅಲ್ಲಿಂದಲೇ ಕೂಗಿದಳು.

"ಜೋರು, ಜೋರು!" ಎಂದು ಅಪೊಲೋನಿಯಾ ಇಡೀ ಫ್ಲ್ಯಾಟಿಗೆ ಕೇಳುವಂತೆ ಕೂಗಿ ಕೈ ಬೀಸಿದಳು. ಹುಡುಗಿಯರು ಗೇಟು ದಾಟುವ ತನಕ ಅವರನ್ನೇ ನೋಡಿದಳು. ಗದ್ದೆಯನ್ನು ನೋಡಲಿಲ್ಲ. ಆಮೇಲೆ ಎದ್ದು ಒಳಗೆ ಹೋಗಿ ಆ ಕಡೆಯ ಕಿಟಕಿ ಹಾಕಿಕೊಂಡಳು.